ಚಿರತೆ ಕಾಯಲಿ, ಮೊದಲು ಗುಬ್ಬಿ

ಎದುರು ಮನೆಯಾಕೆ ಮೊನ್ನೆ ತರಕಾರಿ ಗಾಡಿಯ ಹತ್ತಿರ ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕಾ, ತಪ್ಪು ತಿಳ್ಕೋಬೇಡಿ. ನಿಮ್ಮ ಯಜಮಾನ್ರು ದಿನಾ ಬೆಳಿಗ್ಗೆ ದುರ್ಬೀನು ಹಿಡ್ಕೊಂಡು ನಮ್ಮ ಅಡುಗೆಮನೆ ಕಡೆ ಏನು ನೋಡ್ತಾರೆ?" ಎಂದು ಕೇಳಿದಳು. ಅವರ ಅಡುಗೆಮನೆ ಕಿಟಕಿಯ ಪಕ್ಕ ಒಂದು ನುಗ್ಗೆ ಮರ ಇದೆ. ನುಗ್ಗೆ ಹೂವಿಗೆ ಸೂರಕ್ಕಿ ಬರುತ್ತದೆ. "ಸೂರಕ್ಕಿ ನೋಡ್ತಾರಮ್ಮ" ಎಂದೆ. "ಓ, ಹಕ್ಕಿನಾ" ಎಂದಳು. ಸಂಜೆಯೊಳಗೆ ಆ ಕಿಟಕಿಗೆ ದಪ್ಪನೆಯ ಹೊಸ ಪರದೆ ಬಂತು.

ಅರವತ್ತು ದಾಟುವವರೆಗೆ ಈ ಮನುಷ್ಯ ಕಾಗೆ ಬಿಟ್ಟರೆ ಇನ್ನೊಂದು ಹಕ್ಕಿಯ ಕಡೆ ತಲೆ ಎತ್ತಿ ನೋಡಿದವರಲ್ಲ. ಕಾಗೆಯನ್ನೂ ನೋಡುತ್ತಿದ್ದದ್ದು ತಿಥಿಯ ದಿನ, ಹಸಿವು ತಡೆಯಲಾಗದೆ. ಈಗ ನೋಡಿದರೆ ಹಾಲು ಉಕ್ಕಿ ಒಲೆ ಆರಿದರೂ ಬಾಲ್ಕನಿಯಿಂದ ಒಳಗೆ ಬರುವುದಿಲ್ಲ. ಕೈಯಲ್ಲೊಂದು ನೋಟ್‌ಬುಕ್ಕು ಬೇರೆ. "ಪಾರಿವಾಳ, 6.40, ಮೂರನೇ ಮನೆ ನೀರಿನ ಟ್ಯಾಂಕು" ಎಂದೆಲ್ಲ ಬರೆದುಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಪಾರಿವಾಳ ಕಂಡದ್ದಕ್ಕೆ ದಾಖಲೆ ಇಡುವವರು ಇವರೊಬ್ಬರೇ ಇರಬೇಕು.

ಇದಕ್ಕೆಲ್ಲ ಕಾರಣ ಆಫ್ರಿಕಾ. ಆಫ್ರಿಕಾ ಅಂದರೆ ಆಫ್ರಿಕಾ ಅಲ್ಲ, ಪಾಪ, ಅದೇನು ಮಾಡೀತು? ಅಲ್ಲಿ ನಮ್ಮ ಗಾಡಿಯಲ್ಲಿ ಕೂತಿದ್ದ ಒಬ್ಬ ಹಾಲೆಂಡಿನ ಮುದುಕ.

ನಮ್ಮ ಮಗ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನಲ್ಲಿ ಕೆಲಸದಲ್ಲಿದ್ದಾನೆ. "ಅಪ್ಪ ರಿಟೈರ್ ಆದ್ರಲ್ಲ, ಬನ್ನಿ, ನಿಮ್ಮನ್ನ ಸಫಾರಿಗೆ ಕಳಿಸ್ತೀನಿ" ಎಂದ. ಕಳಿಸ್ತೀನಿ ಅಂದದ್ದು, ಕರ್ಕೊಂಡು ಹೋಗ್ತೀನಿ ಅಂತಲ್ಲ. ಸೊಸೆಗೂ ರಜೆ ಇರಲಿಲ್ಲವಂತೆ. ಕಳಿಸಿದ ಜಾಗದ ಹೆಸರು ಸಾಬಿ ಸ್ಯಾಂಡ್. ಕ್ರೂಗರ್ ರಾಷ್ಟ್ರೀಯ ಉದ್ಯಾನದ ಪಶ್ಚಿಮದ ಅಂಚಿಗೆ ಅಂಟಿಕೊಂಡಿರುವ ಖಾಸಗಿ ಕಾಡು.

ಖಾಸಗಿ ಕಾಡು ಎಂಬ ಮಾತೇ ನಮ್ಮವರಿಗೆ ಜೀರ್ಣವಾಗಲಿಲ್ಲ. ಅವರು ಸರ್ವೆ ಇಲಾಖೆಯಲ್ಲಿ ಇದ್ದವರು. ಕಾಡು ಅಂದರೆ ಸರ್ಕಾರದ್ದು, ಅದರ ಅಂಚಿನಲ್ಲಿ ಬಾಂದು ಕಲ್ಲು, ಕಲ್ಲಿನ ಆಚೆ ತಕರಾರು, ಇಷ್ಟೇ ಅವರಿಗೆ ಗೊತ್ತು. ಮಗ ವಿವರಿಸಿದ. ಅಲ್ಲಿನ ಜಮೀನಿನ ಮಾಲೀಕರೆಲ್ಲ ಸೇರಿಕೊಂಡು, ತಮ್ಮ ತಮ್ಮ ಬೇಲಿ ಕಿತ್ತು, ಪೂರ್ತಿ ಒಂದೇ ಕಾಡು ಮಾಡಿಕೊಂಡಿದ್ದಾರೆ. ಕ್ರೂಗರ್ 1926ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅದಕ್ಕೂ ಈ ಖಾಸಗಿ ಕಾಡಿಗೂ ನಡುವೆ ಇದ್ದ ಬೇಲಿಯನ್ನು 1993ರಲ್ಲಿ ತೆಗೆದರು. ಪ್ರಾಣಿಗಳು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಅಡ್ಡಾಡಿಕೊಂಡಿರುತ್ತವೆ.

"ಹಾಗಾದ್ರೆ ಆನೆ ಸರ್ಕಾರದ್ದೋ ಖಾಸಗಿಯದ್ದೋ?" ಎಂದರು ಇವರು.

"ಅಪ್ಪ, ಅದು ಆನೆ" ಎಂದ ಮಗ.

ಒಂದು ರಾತ್ರಿಗೆ ಎಷ್ಟು ಎಂದು ಕೇಳಿದ್ದಕ್ಕೆ ಮಾತ್ರ ಕೊನೆಯವರೆಗೂ ಬಾಯಿ ಬಿಡಲಿಲ್ಲ. ಊಟ, ತಿಂಡಿ, ಸಫಾರಿ ಎಲ್ಲ ಅದರಲ್ಲೇ ಸೇರಿದೆಯಂತೆ. ಹಾಗಂದ ಮೇಲೆ ಬಿಡುವುದುಂಟೇ, ಎಲ್ಲ ಹೊತ್ತೂ ಪೂರ್ತಿ ತಿನ್ನಬೇಕು ಎಂದು ನಾವು ದಾರಿಯಲ್ಲೇ ತೀರ್ಮಾನ ಮಾಡಿಕೊಂಡೆವು.

ಆಫ್ರಿಕಾ ಅಂದರೆ ಬಿಸಿಲು ಎಂದು ನಮ್ಮ ನೆಂಟರಿಷ್ಟರೆಲ್ಲ ಹೇಳಿ ಕಳಿಸಿದ್ದರು. ಟೋಪಿ, ಛತ್ರಿ, ಗ್ಲೂಕೋಸ್ ಪುಡಿ ಎಲ್ಲವನ್ನೂ ಕೊಟ್ಟಿದ್ದರು. ಜೂನ್ ತಿಂಗಳು ಅಲ್ಲಿ ಚಳಿಗಾಲ. ಬೆಳಗಿನ ಐದೂವರೆಗೆ ಕತ್ತಲಲ್ಲಿ ಬಾಗಿಲು ತಟ್ಟಿ ಎಬ್ಬಿಸುತ್ತಾರೆ. ಮುಖ ತೊಳೆಯುವಷ್ಟರಲ್ಲಿ ಹಲ್ಲು ಕಟಕಟ. ಗಾಡಿಗೆ ಮೇಲ್ಛಾವಣಿ ಇಲ್ಲ, ಕಿಟಕಿ ಇಲ್ಲ, ಮುಂದೆ ಗಾಜೂ ಇಲ್ಲ. ಅದು ಓಡಿದಂತೆಲ್ಲ ಗಾಳಿ ಕಿವಿಯೊಳಗೆ ಹೊಕ್ಕು ಹೊರಗೆ ಬರುತ್ತದೆ. ಪುಣ್ಯಕ್ಕೆ ಪ್ರತಿ ಸೀಟಿನ ಮೇಲೂ ಒಂದು ಕಂಬಳಿ, ಒಂದು ಬಿಸಿನೀರಿನ ರಬ್ಬರ್ ಚೀಲ ಇಟ್ಟಿರುತ್ತಾರೆ. ನಾನು ನನ್ನದನ್ನು ಹೊಟ್ಟೆಗೆ ಅವಚಿಕೊಂಡು ಕೂತರೆ ಏಳುತ್ತಿರಲಿಲ್ಲ. ಏಳುವಂತೆಯೂ ಇಲ್ಲ ಅನ್ನಿ. ಎದ್ದು ನಿಲ್ಲಬಾರದು ಎಂಬುದು ಅಲ್ಲಿನ ಮೊದಲ ನಿಯಮ. ಸಿಂಹಕ್ಕಾಗಲಿ ಚಿರತೆಗಾಗಲಿ ಗಾಡಿ, ಅದರೊಳಗಿನ ಜನ ಎಲ್ಲ ಸೇರಿ ಒಂದೇ ದೊಡ್ಡ ಆಕಾರದಂತೆ ಕಾಣುತ್ತದಂತೆ. ಯಾರಾದರೂ ಎದ್ದು ನಿಂತರೆ ಆ ಆಕಾರ ಒಡೆದು, ಓಹೋ ಇದರಲ್ಲಿ ಬಿಡಿ ಬಿಡಿಯಾಗಿ ಮನುಷ್ಯರಿದ್ದಾರೆ ಎಂದು ಗೊತ್ತಾಗಿಬಿಡುತ್ತದೆ.

ಗಾಡಿಯಲ್ಲಿ ಮೂರು ಸಾಲು ಸೀಟು, ಒಂದಕ್ಕಿಂತ ಒಂದು ಎತ್ತರ. ಓಡಿಸುವವರು ರೇಂಜರ್. ಎಂಜಿನ್ನಿನ ಮುಂದುಗಡೆ, ಎಡಗಡೆಯ ಮೂಲೆಗೆ ಒಂದು ಪುಟ್ಟ ಕುರ್ಚಿ ಚಾಚಿಕೊಂಡಿರುತ್ತದೆ. ಅದರಲ್ಲಿ ಕಾಲು ಇಳಿಬಿಟ್ಟು ಟ್ರ್ಯಾಕರ್ ಕೂರುತ್ತಾರೆ. ನಮ್ಮ ಟ್ರ್ಯಾಕರ್ ಶಾಂಗಾನ್ ಜನಾಂಗದವರು, ಮಾತು ಬಹಳ ಕಡಿಮೆ. ಮರಳಿನ ಮೇಲಿನ ಹೆಜ್ಜೆ ನೋಡಿ, ಹೆಣ್ಣು ಚಿರತೆ, ರಾತ್ರಿ ಹೋಗಿದೆ, ಅವಸರದಲ್ಲಿರಲಿಲ್ಲ ಎನ್ನುತ್ತಿದ್ದರು. ಸಿಂಹ ಹತ್ತಿರದಲ್ಲಿದ್ದರೆ ಮಾತ್ರ ಆ ಕುರ್ಚಿ ಬಿಟ್ಟು ಒಳಗೆ ಬಂದು ರೇಂಜರ್ ಪಕ್ಕ ಕೂತುಬಿಡುತ್ತಾರೆ. ಅವರು ಒಳಗೆ ಬಂದರೆಂದರೆ ನಾನು ಸೀಟಿನ ಕಂಬಿ ಹಿಡಿದುಕೊಳ್ಳುತ್ತಿದ್ದೆ.

ನಾವಿಬ್ಬರೇ ಇರುತ್ತೇವೆ ಎಂದು ನಾನು ಭಾವಿಸಿದ್ದೆ. ಖಾಸಗಿ ಎಂದಿದ್ದರಲ್ಲ. ಕಾಡು ಖಾಸಗಿಯಂತೆ, ಗಾಡಿ ಅಲ್ಲವಂತೆ. ಗಾಡಿಯೂ ಖಾಸಗಿಯಾಗಿ ಬೇಕಾದರೆ ಅದಕ್ಕೆ ಬೇರೆ ದುಡ್ಡು. ಹಾಗಾಗಿ ನಮ್ಮ ಪಾಲಿಗೆ ಬಂದವರು ಹಾಲೆಂಡಿನ ವಯಸ್ಸಾದ ಗಂಡ ಹೆಂಡತಿ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ನಾಡಿನಿಂದ ಹೋದವಳು ನಾನು. ಆದರೂ ಆ ರಾಯರು ನನಗಿಂತ ಮೊದಲೇ ಕತ್ತಲಲ್ಲಿ ಬಂದು ಮೊದಲ ಸಾಲಿನ ಸೀಟಿನ ಮೇಲೆ ಹಕ್ಕಿ ಪುಸ್ತಕ, ಹಕ್ಕಿ ಟೋಪಿ, ಟೆಲಿಸ್ಕೋಪಿನ ಚೀಲ ಸಾಲಾಗಿ ಹರಡಿಬಿಟ್ಟಿದ್ದರು. ನಮಗೆ ಹಿಂದಿನ ಎತ್ತರದ ಸಾಲು. ಅಲ್ಲಿ ಗಾಳಿ ಜಾಸ್ತಿ, ಮುಳ್ಳಿನ ಕೊಂಬೆ ಜಾಸ್ತಿ, ಎತ್ತಿಹಾಕುವುದೂ ಜಾಸ್ತಿ.

ಅವರನ್ನು ನಾನು ಮನಸ್ಸಿನಲ್ಲೇ ಹಕ್ಕಿರಾಯರು ಎಂದು ಕರೆಯತೊಡಗಿದೆ. ಅವರ ಅಭ್ಯಾಸ ಏನೆಂದರೆ, ಬಲಗೈ ಎತ್ತುವುದು, "ಸ್ಟಾಪ್, ಪ್ಲೀಸ್" ಎನ್ನುವುದು. ಅತಿ ಮೃದುವಾದ ಧ್ವನಿ. ಬೈಯಲಿಕ್ಕೂ ಅವಕಾಶ ಕೊಡದಂಥ ಮರ್ಯಾದೆ. ಗಾಡಿ ನಿಲ್ಲುತ್ತದೆ. ನಾವೆಲ್ಲ ಸಿಂಹವೋ ಏನೋ ಎಂದು ಉಸಿರು ಬಿಗಿಹಿಡಿಯುತ್ತೇವೆ. ಅವರು ದುರ್ಬೀನು ಏರಿಸಿ, ಇಳಿಸಿ, ಪುಸ್ತಕ ತೆರೆದು, ಮತ್ತೆ ಏರಿಸಿ, ನಾಲ್ಕು ನಿಮಿಷ ಬಿಟ್ಟು "ಡ್ರೊಂಗೊ" ಎನ್ನುತ್ತಾರೆ. ನಮ್ಮ ಕಾಜಾಣದ ಜಾತಿಯದ್ದು. ಕರ್ರಗೆ ಇರುತ್ತದೆ, ಬಾಲ ಕವಲೊಡೆದಿರುತ್ತದೆ. ಐವತ್ತು ಮಾರು ಮುಂದೆ ಹೋದರೆ ಇನ್ನೊಂದು ಡ್ರೊಂಗೊ. ಅದಕ್ಕೂ "ಸ್ಟಾಪ್, ಪ್ಲೀಸ್". ಮೊದಲಿನದ್ದಕ್ಕೆ ಅನ್ಯಾಯವಾಗಬಾರದಲ್ಲ.

ಅವರ ಹೆಂಡತಿ ಮಾತ್ರ ಬಂಗಾರದಂಥ ಹೆಂಗಸು. ಎಷ್ಟು ವರ್ಷದಿಂದ ಇದನ್ನು ಕಂಡಿದ್ದಾರೋ ಏನೋ, ಗಾಡಿ ನಿಂತ ತಕ್ಷಣ ಚೀಲದಿಂದ ಕಾದಂಬರಿ ತೆಗೆದು ಓದತೊಡಗುತ್ತಾರೆ. ಗಾಡಿ ಹೊರಟರೆ ಬೆರಳು ಸಿಕ್ಕಿಸಿ ಮಡಚುತ್ತಾರೆ. ನಡುನಡುವೆ ಹಿಂದೆ ತಿರುಗಿ ನನಗೆ ಪೆಪ್ಪರ್‌ಮಿಂಟ್ ಕೊಡುತ್ತಾರೆ. ನಮ್ಮಿಬ್ಬರಿಗೆ ಭಾಷೆ ಅಷ್ಟಾಗಿ ಹೊಂದಲಿಲ್ಲ. ಅದರ ಅಗತ್ಯವೂ ಬೀಳಲಿಲ್ಲ.

ಮೊದಲ ದಿನ ನಮ್ಮವರು ನನ್ನ ಪಕ್ಷದಲ್ಲೇ ಇದ್ದರು. "ಇದೇನೇ ಕರ್ಮ, ಲಕ್ಷಗಟ್ಟಲೆ ಖರ್ಚು ಮಾಡ್ಕೊಂಡು ಬಂದು ಗುಬ್ಬಿ ನೋಡೋದಾ" ಎಂದು ಕನ್ನಡದಲ್ಲಿ ಗೊಣಗಿದ್ದರು. ಎರಡನೇ ಬೆಳಿಗ್ಗೆ ಕಾಫಿಗೆ ನಿಲ್ಲಿಸಿದಾಗ ಎಲ್ಲ ಕೆಟ್ಟುಹೋಯಿತು.

ಕಾಫಿಗೆ ನಿಲ್ಲಿಸುವುದು ಅಲ್ಲಿ ಒಂದು ಕಾರ್ಯಕ್ರಮ. ಸುತ್ತ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ನಮ್ಮನ್ನು ಇಳಿಸುತ್ತಾರೆ. ಗಾಡಿಯ ಮೂತಿಗೆ ಒಂದು ಮಡಚುವ ಮೇಜು, ಅದರ ಮೇಲೆ ಬಿಳಿ ಬಟ್ಟೆ, ಫ್ಲಾಸ್ಕು, ಕಲ್ಲಿನಷ್ಟು ಗಟ್ಟಿಯಾದ ರಸ್ಕು. ಕಾಫಿಗೆ ಅಮರುಲಾ ಹಾಕಲೇ ಎಂದು ಕೇಳುತ್ತಾರೆ. ಅದು ಅಲ್ಲಿನ ಮರುಲಾ ಎಂಬ ಕಾಡುಹಣ್ಣಿನಿಂದ ಮಾಡಿದ, ಕೆನೆ ಬೆರೆಸಿದ ಮದ್ಯ. ಬೆಳಗಿನ ಎಂಟಕ್ಕೆ! ನಾನು ಬೇಡ ಎಂದೆ. ನಮ್ಮವರು ಚಳಿಗೆ ಔಷಧ ಎಂದರು. ಇನ್ನು ಉಳಿದ ಕೆಲಸಕ್ಕೆ ರೇಂಜರ್ ಮೊದಲು ಹೋಗಿ ಒಂದು ಪೊದೆಯ ಹಿಂದೆ ಪರೀಕ್ಷೆ ಮಾಡಿ ಬಂದು "ಆ ಪೊದೆ ನಿಮ್ಮದು" ಎಂದು ಕೈ ತೋರಿಸುತ್ತಾರೆ. ಹೆಂಗಸರ ಕಷ್ಟ ಇದರ ಮೇಲೆ ಬಿಡಿಸಿ ಹೇಳಬೇಕಾಗಿಲ್ಲ. ನಾನು ಹೋಗಿ ಕೂತೆನೋ ಇಲ್ಲವೋ, ತಲೆಯ ಮೇಲಿನ ಮರದಿಂದ ಒಂದು ಬೂದು ಹಕ್ಕಿ ಜುಟ್ಟು ಎತ್ತಿ "ಗೊವೇಯ್... ಗೊವೇಯ್..." ಎಂದು ಕಿರುಚತೊಡಗಿತು. ಅದಕ್ಕೆ ಗೋ-ಅವೇ ಬರ್ಡ್ ಎಂದೇ ಹೆಸರು. ಹೋಗಾಚೆ ಎಂದು ಕಾಡಿಗೆಲ್ಲ ಕೇಳುವಂತೆ ಕೂಗುವುದೇ ಅದರ ಕೆಲಸ. ಆಚೆಯಿಂದ ಹಕ್ಕಿರಾಯರ ಸಂಭ್ರಮದ ಧ್ವನಿ ಕೇಳಿಸಿತು. ದುರ್ಬೀನು ಯಾವ ಕಡೆ ತಿರುಗಿರುತ್ತದೆ ಎಂದು ಹೊಳೆದ ಮೇಲೆ ನಾನು ಸೆರಗು ಸರಿಮಾಡಿಕೊಂಡು ಹಾಗೇ ಎದ್ದು ಬಂದೆ. ಬಂದ ಕೆಲಸ ಲಾಡ್ಜಿಗೆ ಹೋಗುವವರೆಗೆ ಕಾಯಬೇಕಾಯಿತು.

ಅಲ್ಲೇ, ಒಣಗಿ ನಿಂತ ಒಂದು ಮರದ ತುದಿಯಲ್ಲಿ ಇನ್ನೊಂದು ಹಕ್ಕಿ ಕೂತಿತ್ತು. ಸುಳ್ಳು ಹೇಳಬಾರದು, ಅದು ಚೆನ್ನಾಗಿತ್ತು. ಎದೆ ನೇರಳೆ ಗುಲಾಬಿ, ಹೊಟ್ಟೆ ಆಕಾಶದ ಬಣ್ಣ. ಹಾರಿದಾಗ ರೆಕ್ಕೆಯೊಳಗಿನ ಗಾಢ ನೀಲಿ ಫಳಕ್ಕನೆ ಬಿಚ್ಚಿಕೊಂಡಿತು. ಲೈಲಾಕ್ ಬ್ರೆಸ್ಟೆಡ್ ರೋಲರ್ ಎಂದರು ಹಕ್ಕಿರಾಯರು. ಆಮೇಲೆ ನಮ್ಮವರ ಕಡೆ ತಿರುಗಿ, ನೀವು ಭಾರತದಲ್ಲಿ ಯಾವ ಕಡೆಯವರು ಎಂದು ಕೇಳಿದರು. ಕರ್ನಾಟಕ ಎಂದರು ಇವರು. "ಓ! ಇಂಡಿಯನ್ ರೋಲರ್, ಇದರದೇ ದಾಯಾದಿ, ಅದು ನಿಮ್ಮ ರಾಜ್ಯದ ಪಕ್ಷಿ ಅಲ್ಲವೇ?"

ನಮ್ಮವರ ಎದೆ ಉಬ್ಬಿತು. "ಹೌದು, ನೀಲಕಂಠ!" ಎಂದರು. ಸಾಮಾನ್ಯ ಜ್ಞಾನದ ಪರೀಕ್ಷೆಗೆ ಓದಿದ್ದು ನೆನಪಿತ್ತು.

"ನಿಮಗೆ ಅದು ಎಲ್ಲೆಲ್ಲಿ ನೋಡಲು ಸಿಗುತ್ತದೆ?" ಎಂದರು ಹಕ್ಕಿರಾಯರು, ಪೆನ್ನು ಹಿಡಿದುಕೊಂಡೇ.

ಇವರು ಆ ಕಡೆ ಈ ಕಡೆ ನೋಡಿದರು. ನನ್ನ ಕಡೆ ನೋಡಿದರು.

ನಾನು ಸಿಟ್ಟಿನಲ್ಲಿದ್ದವಳು ಯಾಕೋ ಸುಮ್ಮನಾಗಿಬಿಟ್ಟೆ. ನಮ್ಮಪ್ಪ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೈಸ್ಕೂಲಿಗೆ ಬಿಡಲು ಬರುತ್ತಿದ್ದರು. ರಸ್ತೆಯುದ್ದಕ್ಕೂ ಟೆಲಿಫೋನ್ ತಂತಿ. ಅದರ ಮೇಲೆ ಮಾಸಲು ಬಣ್ಣದ ಹಕ್ಕಿ ಮಂಕಾಗಿ ಕೂತಿರುತ್ತಿತ್ತು. ಸೈಕಲ್ಲು ಹತ್ತಿರ ಬಂದಾಗ ಎದ್ದು ಹಾರಿದರೆ ಇದ್ದಕ್ಕಿದ್ದಂತೆ ಅಷ್ಟು ನೀಲಿ. "ನೋಡಿದ್ಯಾ ಮಗಾ, ನೀಲಕಂಠ" ಎನ್ನುತ್ತಿದ್ದರು ಅಪ್ಪ, ದಿನಾ ಹೊಸದಾಗಿ ಕಂಡವರ ಹಾಗೆ. ಆ ರಸ್ತೆ ಈಗ ನಾಲ್ಕು ಪಥದ್ದಾಗಿದೆ. ತಂತಿಯೂ ಇಲ್ಲ, ಅಪ್ಪನೂ ಇಲ್ಲ. ಆ ಹಕ್ಕಿಯನ್ನು ಕಡೆಯ ಸಲ ಯಾವಾಗ ನೋಡಿದೆ ಎಂದು ಯೋಚಿಸಿದರೆ ಹೊಳೆಯಲೇ ಇಲ್ಲ. ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುವುದು ನನ್ನ ಕೈಲಾಗುವಂಥದ್ದಲ್ಲ. "ಆನ್ ದಿ ವೈರ್" ಎಂದಷ್ಟೇ ಹೇಳಿದೆ. ಹಕ್ಕಿರಾಯರು ಅದನ್ನು ಬರೆದುಕೊಂಡರು.

ಅಷ್ಟೇ ಆದದ್ದು. ಆಮೇಲೆ ನಮ್ಮವರು ಹಿಂದಿನ ಸಾಲು ಬಿಟ್ಟು ಮೊದಲ ಸಾಲಿಗೆ ಹೋದರು. ಹಕ್ಕಿರಾಯರ ಹೆಂಡತಿ ಕಾದಂಬರಿ ಸಮೇತ ನನ್ನ ಪಕ್ಕಕ್ಕೆ ಬಂದರು.

ಸಂಜೆಯ ಸವಾರಿಯಲ್ಲಿ ಆನೆ ಹಿಂಡು ಸಿಕ್ಕಿತು. ಎಂಜಿನ್ ಆರಿಸಿ ನಿಂತೆವು. ಅವು ಗಾಡಿಯ ಎರಡೂ ಕಡೆಯಿಂದ ನಡೆದುಹೋದವು, ಇಷ್ಟು ದೊಡ್ಡ ಮೈಯಾದರೂ ಹೆಜ್ಜೆಯ ಸದ್ದೇ ಇಲ್ಲ. ಒಂದು ಹೆಣ್ಣಾನೆ ನನ್ನ ಪಕ್ಕದಲ್ಲೇ ನಿಂತಿತು. ಕೈ ಚಾಚಿದರೆ ಮುಟ್ಟಬಹುದಿತ್ತು, ಚಾಚುವಂತಿಲ್ಲ ಅಷ್ಟೇ. ಕಣ್ಣಿನ ರೆಪ್ಪೆಗೂದಲು ನನ್ನ ಕಿರುಬೆರಳಷ್ಟು ಉದ್ದ, ಅದರ ತುದಿಯಲ್ಲೆಲ್ಲ ಕೆಂಪು ಧೂಳು. ಹೊಟ್ಟೆಯೊಳಗಿನಿಂದ ಗುಡುಗುಡು ಸದ್ದು ಬರುತ್ತಿತ್ತು. ಹಿಂದೆ ಒಂದು ಮರಿ, ತನ್ನ ಸೊಂಡಿಲನ್ನು ಏನು ಮಾಡಬೇಕೋ ತಿಳಿಯದೆ ತಾನೇ ತುಳಿದುಕೊಂಡು ಮುಗ್ಗರಿಸಿತು. ನನಗೆ ಕಣ್ಣು ತುಂಬಿ ಬಂತು. ಹಕ್ಕಿರಾಯರ ಹೆಂಡತಿ ಕೂಡ ಕಾದಂಬರಿ ಮಡಚಿಟ್ಟಿದ್ದರು. ಇವರಿಗೂ ತೋರಿಸೋಣ ಎಂದು ಮುಂದೆ ನೋಡಿದರೆ, ಎರಡು ದುರ್ಬೀನೂ ಆನೆಯ ಕಾಲಿನ ಸಂದಿಯಲ್ಲಿ ನೆಟ್ಟಿವೆ. ಅಲ್ಲೊಂದು ಬೆಳ್ಳಕ್ಕಿ. ನಮ್ಮೂರ ಗದ್ದೆಯಲ್ಲಿ ಎಮ್ಮೆಯ ಹಿಂದೆ ತಿರುಗುತ್ತದಲ್ಲ, ಅದೇ ಥರದ್ದು.

ಮಾರನೆಯ ಬೆಳಿಗ್ಗೆ ನಡೆದದ್ದನ್ನು ಮಾತ್ರ ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ.

ಸಾಬಿ ಸ್ಯಾಂಡ್ ಎಂದರೆ ಚಿರತೆಗೆ ಹೆಸರುವಾಸಿ. ಜನ ದೇಶದೇಶಗಳಿಂದ ಬರುವುದೇ ಅದಕ್ಕೆ. ಸರ್ಕಾರದ ಕ್ರೂಗರ್‌ನಲ್ಲಾದರೆ ಸ್ವಂತ ಕಾರಿನಲ್ಲಿ ಸುತ್ತುವ ಪ್ರವಾಸಿಗಳು ರಸ್ತೆ ಬಿಟ್ಟು ಇಳಿಯುವಂತಿಲ್ಲ. ಚಿರತೆ ಪೊದೆಯೊಳಗೆ ಹೋದರೆ ಹೋಯಿತು. ಖಾಸಗಿ ಕಾಡಿನಲ್ಲಿ ಅದರ ಹಿಂದೆಯೇ ಪೊದೆ ಸೀಳಿಕೊಂಡು ಹೋಗಬಹುದು. ಅದಕ್ಕೇ ಈ ದುಡ್ಡು. ಇನ್ನೊಂದು ನಿಯಮ, ಒಂದು ಪ್ರಾಣಿಯ ಹತ್ತಿರ ಒಂದು ಹೊತ್ತಿಗೆ ಎರಡೋ ಮೂರೋ ಗಾಡಿ ಮಾತ್ರ. ಉಳಿದವರು ದೂರದಲ್ಲಿ ಸರದಿ ಕಾಯಬೇಕು. ನಮ್ಮ ಕಡೆ ಹುಲಿಯೊಂದಕ್ಕೆ ಜೀಪಿನ ಜಾತ್ರೆ ಸೇರುವುದನ್ನು ನೋಡಿದವರಿಗೆ ಇದು ಎಷ್ಟು ಒಳ್ಳೆಯ ನಿಯಮ ಎಂದು ಗೊತ್ತಾಗುತ್ತದೆ. ಸರದಿ ನಮ್ಮದಾಗಿದ್ದರೆ.

ರೇಂಜರ್ ಕಿವಿಯ ರೇಡಿಯೋ ಗೊರಗುಟ್ಟಿತು. ಅವರು ಪಿಸುಗುಟ್ಟಿ ಏನೋ ಹೇಳಿ, ಹಿಂದೆ ತಿರುಗಿ, "ಹೆಣ್ಣು ಚಿರತೆ. ಮರದ ಮೇಲೆ. ಇಂಪಾಲಾ ಹೊಡೆದು ಮೇಲೆ ಎಳೆದುಕೊಂಡಿದೆ. ಒಂದು ಗಾಡಿಗೆ ಜಾಗ ಇದೆ, ನಮಗೇ. ಗಟ್ಟಿಯಾಗಿ ಹಿಡ್ಕೊಳ್ಳಿ" ಎಂದರು. ಇಂಪಾಲಾ ಎಂದರೆ ಅಲ್ಲಿನ ಜಿಂಕೆಯಂಥ ಪ್ರಾಣಿ. ಗಾಡಿ ಹಾರಿತು. ಹಳ್ಳ ದಿಣ್ಣೆ ಒಂದೂ ನೋಡಲಿಲ್ಲ. ನನ್ನ ಬಿಸಿನೀರಿನ ಚೀಲ ಮಡಿಲಿಂದ ಜಿಗಿದು ಎಲ್ಲಿಗೋ ಹೋಯಿತು. ಚಿರತೆ! ಮರದ ಮೇಲೆ! ಎಂದು ನಾನು ಮೊಬೈಲ್ ತೆಗೆದು, ಗಾಜು ಒರೆಸಿ, ಸಿದ್ಧವಾಗಿ ಕೂತೆ.

ಮುಂದಿನ ಸಾಲಿನಲ್ಲಿ ಒಂದು ಬಲಗೈ ಮೇಲೆದ್ದಿತು.

"ಸ್ಟಾಪ್, ಪ್ಲೀಸ್."

ರೇಂಜರ್ ಪಾಪ, ಅಭ್ಯಾಸಬಲದಿಂದ ಬ್ರೇಕು ತುಳಿದೇಬಿಟ್ಟರು. ನಮ್ಮ ಹಿಂದಿನಿಂದ ಧೂಳು ಬಂದು ನಮ್ಮನ್ನೇ ಮುಚ್ಚಿತು. ಧೂಳು ಇಳಿದಾಗ ಕಂಡದ್ದು ಒಂದು ಮುಳ್ಳಿನ ಪೊದೆ. ಪೊದೆಯೊಳಗೆ ಒಂದು ಕಂದು ಹಕ್ಕಿ. ಹೆಬ್ಬೆರಳಿಗಿಂತ ತುಸು ದಪ್ಪ. ಬಣ್ಣ ಇಲ್ಲ, ಜುಟ್ಟು ಇಲ್ಲ, ಹಾಡೂ ಇಲ್ಲ. ಸಿಸ್ಟಿಕೋಲಾ ಎಂದರು ಹಕ್ಕಿರಾಯರು, ದೇವರ ಹೆಸರು ಹೇಳುವಂತೆ. ಯಾವ ಸಿಸ್ಟಿಕೋಲಾ ಎಂಬುದು ಪ್ರಶ್ನೆ.

ಪುಸ್ತಕ ತೆರೆದರು. ಪುಟದ ತುಂಬ ಸಿಸ್ಟಿಕೋಲಾ. ನಾನು ಹಿಂದಿನಿಂದ ಬಗ್ಗಿ ನೋಡಿದೆ. ಒಂದೇ ಹಕ್ಕಿಯನ್ನು ಮತ್ತೆ ಮತ್ತೆ ಅಚ್ಚು ಹಾಕಿ ಕೆಳಗೆ ಬೇರೆ ಬೇರೆ ಹೆಸರು ಕೊಟ್ಟಂತಿತ್ತು. ಗಲಗಲ ಎನ್ನುವುದು ರ‍್ಯಾಟ್ಲಿಂಗ್. ಕಪ್ಪೆಯಂತೆ ವಟಗುಟ್ಟುವುದು ಕ್ರೋಕಿಂಗ್. ಲೇಜಿ ಎಂದೂ ಒಂದಿದೆ, ಸೋಮಾರಿ ಸಿಸ್ಟಿಕೋಲಾ. ಕೂಗಿನ ಮೇಲೇ ಗುರುತು ಹಿಡಿಯಬೇಕಂತೆ. ಇದು ಕೂಗುತ್ತಿಲ್ಲ. ಹಾಗಾಗಿ ಅದು ಕೂಗುವವರೆಗೆ ಕಾಯೋಣ ಎಂದರು.

ರೇಡಿಯೋದಲ್ಲಿ ಇನ್ನೊಂದು ಗಾಡಿಯವರು ಎಲ್ಲಿದ್ದೀರಿ ಎಂದು ಕೇಳುತ್ತಿದ್ದರು. ರೇಂಜರ್ ಬಹಳ ಸಮಾಧಾನದಿಂದ, "ಸರ್, ಅಲ್ಲಿ ಚಿರತೆ..." ಎಂದರು.

"ಖಂಡಿತ, ಖಂಡಿತ. ಒಂದೇ ನಿಮಿಷ" ಎಂದರು ಹಕ್ಕಿರಾಯರು.

ಇಷ್ಟಕ್ಕೆ ನಿಂತಿದ್ದರೆ ನಾನು ಕ್ಷಮಿಸುತ್ತಿದ್ದೆನೋ ಏನೋ. ಆಗ ನಮ್ಮವರು ಬಾಯಿ ತೆರೆದರು. ನನ್ನ ಕೈ ಹಿಡಿದ ಗಂಡ, ಮನೆಯಲ್ಲಿ ತೊಗರಿಬೇಳೆಗೂ ಕಡಲೆಬೇಳೆಗೂ ವ್ಯತ್ಯಾಸ ಗೊತ್ತಾಗದೆ ಅಂಗಡಿಯಿಂದ ಫೋನ್ ಮಾಡುವ ಮನುಷ್ಯ, "ಎಕ್ಸ್‌ಕ್ಯೂಸ್ ಮಿ, ಬಾಲದ ತುದಿ ಸ್ವಲ್ಪ ಬೆಳ್ಳಗಿತ್ತು ಅನ್ನಿಸ್ತು" ಎಂದರು.

ಹಕ್ಕಿರಾಯರು ನಿಧಾನವಾಗಿ ತಿರುಗಿ ಇವರನ್ನು ನೋಡಿದರು. ಮೇಷ್ಟರು ಹಿಂದಿನ ಬೆಂಚಿನ ಹುಡುಗನಿಂದ ಸರಿಯುತ್ತರ ಕೇಳಿದಾಗ ನೋಡುವ ನೋಟ. "ಬೆಳ್ಳಗೆ? ಖಚಿತವೇ?" ಎಂದರು. ಪುಟ ಮತ್ತೆ ಹಿಂದಕ್ಕೆ ಹೋಯಿತು.

"ರೀ!" ಎಂದೆ ನಾನು.

"ಶ್!" ಎಂದರು ಇವರು.

ಮದುವೆಯಾದಾಗಿನಿಂದ ಈ ಮನುಷ್ಯ ನನಗೆ ಶ್ ಎಂದವರಲ್ಲ. ಅವರ ಅಕ್ಕನ ಎದುರಿನಲ್ಲೂ ಅಂದವರಲ್ಲ. ಒಂದು ಕಂದು ಗುಬ್ಬಿಗೋಸ್ಕರ, ಪರದೇಶದಲ್ಲಿ, ಎಲ್ಲರ ಮುಂದೆ ಅಂದರು. ಮುಂದಿನ ಕುರ್ಚಿಯಲ್ಲಿ ಟ್ರ್ಯಾಕರ್ ಅವರ ಭುಜ ಅಲುಗುತ್ತಿತ್ತು. ನಗುತ್ತಿದ್ದರು ಎಂದೇ ನನ್ನ ಅನುಮಾನ.

ಹಕ್ಕಿ ಒಂದು ಕೊಂಬೆಯಿಂದ ಇನ್ನೊಂದಕ್ಕೆ ಹಾರಿತು. ಎರಡು ಕುತ್ತಿಗೆ ಒಟ್ಟಿಗೆ ಎಡಕ್ಕೆ. ಮತ್ತೆ ಹಾರಿತು. ಎರಡು ಕುತ್ತಿಗೆ ಬಲಕ್ಕೆ. ರೇಡಿಯೋದಲ್ಲಿ ನಮ್ಮ ಜಾಗ ಬೇರೆ ಗಾಡಿಗೆ ಹೋಯಿತು ಎಂದು ಸುದ್ದಿ ಬಂತು. ಈಗ ನಾವು ಸ್ಟ್ಯಾಂಡ್‌ಬೈ. ರೇಂಜರ್ ಕಿವಿಯ ತುದಿ ಕೆಂಪಗಾಗಿತ್ತು. ಪಕ್ಕದಿಂದ ನನಗೆ ಒಂದು ಪೆಪ್ಪರ್‌ಮಿಂಟ್ ಬಂತು.

ಕಡೆಗೂ ಆ ಹಕ್ಕಿ ಬಾಯಿ ತೆರೆದು ಚಿಕ್ಕದಾಗಿ ಗಲಗಲ ಎಂದಿತು. ರ‍್ಯಾಟ್ಲಿಂಗ್ ಸಿಸ್ಟಿಕೋಲಾ. ಹಕ್ಕಿರಾಯರು ಪಟ್ಟಿ ನೋಡಿದರು. ನಿನ್ನೆ ಮಧ್ಯಾಹ್ನವೇ ಅದರ ಮುಂದೆ ಸರಿ ಗುರುತು ಬಿದ್ದಿತ್ತು. ಬಲು ಸಾಧಾರಣ ಹಕ್ಕಿಯಂತೆ, ಪೊದೆಗೊಂದು ಇರುತ್ತದಂತೆ. "ಥ್ಯಾಂಕ್ಯೂ" ಎಂದು ಪುಸ್ತಕ ಮುಚ್ಚಿದರು.

ನಾವು ಹೋಗಿ ಸರದಿ ಕಾಯ್ದು ಮುಂದೆ ಬರುವ ಹೊತ್ತಿಗೆ ಚಿರತೆ ಮರ ಇಳಿದು ಹಳ್ಳದ ಕಡೆ ಹೊರಟಿತ್ತು. ಹಳ್ಳದೊಳಗೆ ಗಾಡಿ ಇಳಿಯುವುದಿಲ್ಲ. ನಾನು ನೋಡಿದ್ದು ಹುಲ್ಲಿನ ನಡುವೆ ಬಾಲದ ತುದಿ. ಅದು ಬೆಳ್ಳಗಿತ್ತು, ಖಚಿತವಾಗಿ. ಮರದ ಮೇಲೆ ಇಂಪಾಲಾದ ಎರಡು ಕಾಲು ಜೋತಾಡುತ್ತಿತ್ತು. "ನೋಡಿದ್ವಲ್ಲ, ಬಾಲ ಆದ್ರೂ ಸಿಕ್ತಲ್ಲ" ಎಂದರು ನಮ್ಮವರು. ಆ ದಿನ ಮಧ್ಯಾಹ್ನದವರೆಗೆ ನಾನು ಅವರ ಜೊತೆ ಮಾತಾಡಲಿಲ್ಲ. ಅವರಿಗೆ ಗೊತ್ತಾದದ್ದು ಸಂಜೆ.

ಊಟದಲ್ಲಾದರೂ ಸಮಾಧಾನ ಸಿಕ್ಕಿತೇ ಎಂದರೆ ಅದೂ ಇಲ್ಲ. ಸಸ್ಯಾಹಾರಿಗಳು ಎಂದು ಮಗ ಮೊದಲೇ ತಿಳಿಸಿದ್ದ. ಅಡುಗೆಯವರು ಮನಸ್ಸಿಟ್ಟು ಮಾಡುತ್ತಿದ್ದರು, ಸಂಶಯವಿಲ್ಲ. ಆದರೆ ಅವರ ಪಾಲಿಗೆ ಸಸ್ಯ ಎಂದರೆ ಬಟರ್‌ನಟ್ ಎಂಬ ಕುಂಬಳಕಾಯಿ. ಅದರ ಸೂಪು, ಅದರ ಸುಟ್ಟ ಹೋಳು, ಅನ್ನದಲ್ಲಿ ಅದು, ಹಿಟ್ಟಿನಲ್ಲಿ ಅದು. ಒಂದು ರಾತ್ರಿ ಬಯಲಲ್ಲಿ ಬೆಂಕಿ ಹಾಕಿ ಊಟ ಬಡಿಸಿದಾಗ ಮಾತ್ರ ಪಾಪ್ ಎಂಬ ಮೆಕ್ಕೆಜೋಳದ ಗಟ್ಟಿ ಗಂಜಿ, ಅದಕ್ಕೆ ಚಕಲಕ ಎಂಬ ಖಾರದ ಪಲ್ಯ ಇತ್ತು. ಟೊಮೆಟೊ, ಗಜ್ಜರಿ, ಹುರುಳಿಕಾಯಿಯ ಬೀಜ, ಮೆಣಸಿನಕಾಯಿ. ಮೂರು ಸಲ ಹಾಕಿಸಿಕೊಂಡೆ. ಹಕ್ಕಿರಾಯರು ಖಾರ ನೆತ್ತಿಗೇರಿ ಕೆಮ್ಮಿದರು. ನನಗೆ ಪಾಪ ಅನ್ನಿಸಲಿಲ್ಲ.

ಸಿಂಹಗಳೂ ಸಿಕ್ಕವು, ಹೇಳಲು ಮರೆತೆ. ಮಲಗಿದ್ದವು. ದಿನಕ್ಕೆ ಇಪ್ಪತ್ತು ಗಂಟೆಯವರೆಗೂ ಮಲಗುತ್ತವಂತೆ. ಒಂದು ಕಣ್ಣು ಬಿಟ್ಟು ನಮ್ಮನ್ನು ನೋಡಿ ಮತ್ತೆ ಮುಚ್ಚಿತು. ಘೇಂಡಾಮೃಗ ಸಿಕ್ಕಿತು, ಅದಕ್ಕೆ ಕೊಂಬೇ ಇರಲಿಲ್ಲ. ಕಳ್ಳಬೇಟೆಯವರ ಕಾಟಕ್ಕೆ ಕಾಡು ನೋಡಿಕೊಳ್ಳುವವರೇ ಮೊದಲೇ ಕತ್ತರಿಸಿಬಿಡುತ್ತಾರೆ. ಉಗುರಿನ ಥರದ್ದು, ನೋವಾಗುವುದಿಲ್ಲ, ಮತ್ತೆ ಬೆಳೆಯುತ್ತದೆ ಎಂದರು ರೇಂಜರ್. ಫೋಟೋ ಹಾಕುವಾಗ ಯಾವ ಜಾಗ ಎಂದು ಹಾಕಬೇಡಿ ಎಂದೂ ಕೇಳಿಕೊಂಡರು. ಬೋಳು ಮೂತಿಯಲ್ಲಿ ಅದು ಹುಲ್ಲು ಮೇಯುತ್ತಾ ನಿಂತಿದ್ದನ್ನು ನೋಡಿ ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ. ಅದರ ಬೆನ್ನ ಮೇಲೆ ಹಕ್ಕಿ ಇತ್ತು. ಅದರ ಸುದ್ದಿಯನ್ನು ಕೂಡ ಯಾರೂ ಎತ್ತಲಿಲ್ಲ, ನಮ್ಮವರು ಸೇರಿದಂತೆ.

ಹೊರಡುವ ದಿನ ಕೋಣೆಯಲ್ಲಿ ಒಂದು ಕಾಗದ ಇಟ್ಟಿದ್ದರು. ರೇಂಜರ್‌ಗೆ ಬೇರೆ, ಟ್ರ್ಯಾಕರ್‌ಗೆ ಬೇರೆ, ಉಳಿದವರಿಗೆಲ್ಲ ಸೇರಿ ಒಂದು ಡಬ್ಬಿ, ಯಾರಿಗೆ ಎಷ್ಟು ಭಕ್ಷೀಸು ಕೊಡುವುದು ವಾಡಿಕೆ ಎಂದು ವಿವರವಾಗಿ ಬರೆದಿತ್ತು. ಎಲ್ಲ ಸೇರಿದೆ ಎಂದಿದ್ದ ಮಗ ಇದನ್ನು ಹೇಳಿರಲಿಲ್ಲ. ನಮ್ಮವರು ಹಾಸಿಗೆಯ ಮೇಲೆ ರ‍್ಯಾಂಡ್ ನೋಟುಗಳನ್ನು ಹರಡಿಕೊಂಡು ಕೂತರು. ಆಗ ನೋಡಿದೆ. ಹತ್ತರ ನೋಟಿನ ಹಿಂದೆ ಘೇಂಡಾಮೃಗ, ಇಪ್ಪತ್ತರದ್ದಕ್ಕೆ ಆನೆ, ಐವತ್ತಕ್ಕೆ ಸಿಂಹ, ನೂರಕ್ಕೆ ಕಾಡೆಮ್ಮೆ, ಇನ್ನೂರಕ್ಕೆ ಚಿರತೆ. ಹಿಂದೆ ನಡೆದುಕೊಂಡು ಬೇಟೆಯಾಡಲು ಅತಿ ಕಷ್ಟ ಎಂದು ಬೇಟೆಗಾರರು ಹೆಸರಿಟ್ಟ ಆ ಐದೂ ಪ್ರಾಣಿ, ಬಿಗ್ ಫೈವ್, ಹಾಸಿಗೆಯ ಮೇಲೇ ಇದ್ದವು. ಘೇಂಡಾಮೃಗಕ್ಕೆ ಕೊಂಬೂ ಇತ್ತು. ಚಿರತೆಗೆ ಮುಖವೂ ಇತ್ತು. ಟ್ರ್ಯಾಕರ್ ಅವರ ಲಕೋಟೆಗೆ ಇವರು ಹಾಕಿದ್ದಕ್ಕಿಂತ ಒಂದು ಚಿರತೆ ಜಾಸ್ತಿ ನಾನೇ ಹಾಕಿದೆ. ಆ ಕುರ್ಚಿಯಲ್ಲಿ ಕೂತು ಅಷ್ಟು ಹೊತ್ತು ನಗು ತಡೆದುಕೊಳ್ಳುವುದು ಸಾಮಾನ್ಯವೇ?

ಬಂದ ಮೇಲೆ ಇನ್ನೊಂದು ಕಾಟ. ಫೋನ್ ಮಾಡಿದವರೆಲ್ಲ ಕೇಳುವುದು ಒಂದೇ, "ಹುಲಿ ಸಿಕ್ತಾ?" ಆಫ್ರಿಕಾದ ಕಾಡಿನಲ್ಲಿ ಹುಲಿ ಇಲ್ಲ ಎಂದರೆ, "ಅಯ್ಯೋ, ಅಷ್ಟು ದೂರ ಹೋಗಿ?" ಎಂದು ನಮ್ಮ ಮೇಲೆಯೇ ಕನಿಕರ. ಬಂಡೀಪುರಕ್ಕೆ ಹೋಗಿದ್ದರೆ ಆಗ್ತಿತ್ತಲ್ಲ ಎಂದು ನಾದಿನಿಯ ಸಲಹೆ. ಮೊನ್ನೆ ಅವಳು ಮನೆಗೇ ಬಂದು ಮತ್ತೆ ಅದನ್ನೇ ಎತ್ತಿದಳು. ನಾನು ದೇವರ ಮನೆಯ ಡಬ್ಬಿಯಿಂದ ಒಂದು ಹಳೇ ಹತ್ತು ರೂಪಾಯಿ ನೋಟು ತಂದು ಅವಳ ಮುಂದೆ ಇಟ್ಟೆ. 2018ರಲ್ಲಿ ಕೋನಾರ್ಕದ ಚಕ್ರದ ಹೊಸ ನೋಟು ಬರುವ ಮೊದಲು ಇತ್ತಲ್ಲ, ಅದು. ಹಿಂದುಗಡೆ ಹುಲಿ, ಆನೆ, ಘೇಂಡಾಮೃಗ, ಮೂರೂ ಪಕ್ಕಪಕ್ಕದಲ್ಲಿ. "ತಗೋ, ಹತ್ತು ರೂಪಾಯಿಗೆ ಮೂರು. ವೀಸಾ ಬೇಡ, ಚಳಿ ಇಲ್ಲ, ಹೊತ್ತಾರೆ ಏಳೋದೂ ಬೇಡ" ಎಂದೆ.

ನಾದಿನಿ ನಕ್ಕಳು. ನಮ್ಮವರು ನೋಟನ್ನು ಎತ್ತಿಕೊಂಡು, ಕನ್ನಡಕ ಹಣೆಗೇರಿಸಿ, ಎರಡೂ ಕಡೆ ತಿರುಗಿಸಿ ನೋಡಿದರು.

"ಹಕ್ಕಿ ಇಲ್ವಲ್ಲೇ ಇದ್ರಲ್ಲಿ" ಎಂದರು.